ಸ್ಪಿಂಡಲ್ ಮಾತು ಕೇಳದಿದ್ದರೆ: ಮೊದಲು ನಿಲ್ಲಿಸುವ ಗುಂಡಿ, ಆಮೇಲೆ ವೇಗ

ಕಂಪ್ಯೂಟರ್ ಆಜ್ಞೆಯಂತೆ ಮರ ಕೊರೆಯುವ ನನ್ನ ಸಿಎನ್‌ಸಿ ಮಶೀನಿಗೆ ಎಂ5 ಕೊಟ್ಟೆ, ಅಂದರೆ ಸ್ಪಿಂಡಲ್ (ಕಟರ್ ತಿರುಗಿಸುವ ಮೋಟಾರ್) ನಿಲ್ಲಿಸುವ ಆಜ್ಞೆ. ಸ್ಪಿಂಡಲ್ ನಿಲ್ಲಲಿಲ್ಲ. ಮತ್ತೆ ಕೊಟ್ಟೆ. ತಿರುಗುತ್ತಲೇ ಇತ್ತು. ಕೆಂಪು ಗುಂಡಿ ಒತ್ತಿದೆ. ಮೂರೂ ಅಕ್ಷಗಳು ನಿಂತವು, ಕಂಟ್ರೋಲರಿನ ದೀಪ ಆರಿತು. 6 ಮಿಲಿಮೀಟರಿನ ಕಟರ್ ಮಾತ್ರ ಅದೇ ಸದ್ದು ಮಾಡುತ್ತಾ ತಿರುಗುತ್ತಿತ್ತು. ನನ್ನ ಮಗಳು ಒಂದು ಮಾರು ದೂರದಲ್ಲಿ ನಿಂತು ನೋಡುತ್ತಿದ್ದಳು. ಓಡಿಹೋಗಿ ಗೋಡೆಯ ಸ್ವಿಚ್ ಆರಿಸಿದೆ. ಆಗ ನಿಂತಿತು.

ಆಗ ನನ್ನ ಮಶೀನಿನಲ್ಲಿ ಸ್ಪಿಂಡಲ್ ಜಾಗದಲ್ಲಿ ಮರಗೆಲಸದ ಕೈ ರೂಟರ್ ಇತ್ತು. ಅದನ್ನು ಆನ್-ಆಫ್ ಮಾಡಲು 10 ಆಂಪಿಯರಿನ ಸಣ್ಣ ರಿಲೇ (ಕಾಯಿಲ್‌ಗೆ ಸ್ವಲ್ಪ ಕರೆಂಟ್ ಕೊಟ್ಟರೆ ಕಾಂಟ್ಯಾಕ್ಟ್‌ಗಳು ಕೂಡುವ ಸ್ವಿಚ್) ಹಾಕಿದ್ದೆ. ರೂಟರ್ ಓಡುವಾಗ ಎಳೆಯುವುದು 3 ಆಂಪಿಯರ್, 10 ಅಂದರೆ ಧಾರಾಳ ಅಂದುಕೊಂಡಿದ್ದೆ. ಆದರೆ ಮೋಟಾರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟ್ ಹರಿಯುತ್ತದೆ. ಪ್ರತಿ ಸಲವೂ ಒಳಗೆ ಕಿಡಿ ಹಾರುತ್ತದೆ. ಕೆಲವೇ ತಿಂಗಳಲ್ಲಿ ರಿಲೇಯ ಎರಡು ಕಾಂಟ್ಯಾಕ್ಟ್‌ಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ನನ್ನ ಕೆಂಪು ಗುಂಡಿ ಕತ್ತರಿಸುತ್ತಿದ್ದದ್ದು ಕಂಟ್ರೋಲರಿನ 24 ವೋಲ್ಟ್ ಮಾತ್ರ. ರಿಲೇಯ ಕಾಯಿಲ್‌ಗೆ ಕರೆಂಟ್ ನಿಂತದ್ದೇನೋ ನಿಜ. ಅಂಟಿಕೊಂಡ ಕಾಂಟ್ಯಾಕ್ಟ್ ಬಿಡಬೇಕಲ್ಲ!

ಹಾಗಾಗಿ ವೇಗದ ತೊಂದರೆ ಅಂತ ಕೇಳುವವರಿಗೂ ನಾನು ಮೊದಲು ಹೇಳುವುದು ನಿಲ್ಲಿಸುವ ವಿಷಯ. ವೇಗದ ದೋಷ ಹುಡುಕುವಾಗ ಸ್ಪಿಂಡಲ್ ನೀವು ಎಣಿಸದ ಹೊತ್ತಿನಲ್ಲಿ, ಎಣಿಸದ ವೇಗದಲ್ಲಿ ತಿರುಗಬಹುದು. ಆ ಹೊತ್ತಿಗೆ ನಂಬಬಹುದಾದ ಗುಂಡಿ ಕೈಗೆ ಸಿಗಬೇಕು.

ನಿಮ್ಮ ಗುಂಡಿ ಏನನ್ನು ಕತ್ತರಿಸುತ್ತದೆ?

ವೈರ್ ಹಿಡಿದು ಹೋಗಿ ನೋಡಿ. ಆರ್ಡುಯಿನೊ ಉನೊ ಎಂಬ ಸಣ್ಣ ಕಂಟ್ರೋಲರ್ ಬೋರ್ಡಿನ ಮೇಲೆ ಕೂರುವ ಸಿಎನ್‌ಸಿ ಶೀಲ್ಡ್‌ಗಳಲ್ಲಿ (ಮೋಟಾರ್, ಸ್ವಿಚ್ ಜೋಡಿಸುವ ಬೋರ್ಡ್) ಇ-ಸ್ಟಾಪ್ (ತುರ್ತಾಗಿ ನಿಲ್ಲಿಸುವುದು) ಎಂದು ಬರೆದ ಎರಡು ಪಿನ್ ಇರುತ್ತವೆ. ತುಂಬಾ ಜನ ಕೆಂಪು ಗುಂಡಿಯನ್ನು ಅಲ್ಲಿಗೇ ಸೇರಿಸಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಪಿನ್ ಹೋಗುವುದು ಉನೊದ ಎ0ಗೆ. ಉನೊದಲ್ಲಿ ಓಡುವ ಸಿಎನ್‌ಸಿ ಸಾಫ್ಟ್‌ವೇರ್ ಜಿಆರ್‌ಬಿಎಲ್ ಲೆಕ್ಕದಲ್ಲಿ ಅದು ರಿಸೆಟ್, ಅಷ್ಟೇ. ಅಂದರೆ ಗುಂಡಿ ಒತ್ತಿದಾಗ ನೀವು ಸಾಫ್ಟ್‌ವೇರ್‌ಗೆ ‘ನಿಲ್ಲಿಸು’ ಅಂತ ಕೇಳಿಕೊಳ್ಳುತ್ತೀರಿ. ಕಂಟ್ರೋಲರ್ ಹ್ಯಾಂಗ್ ಆಗಿದ್ದರೆ ಅದು ಕೇಳಿಸಿಕೊಳ್ಳುವುದಿಲ್ಲ. ಇನ್ನೊಂದು ಕೊರತೆಯೂ ಇದೆ. ಈ ಪಿನ್ ಮಾಮೂಲಿಯಾಗಿ ಗ್ರೌಂಡಿಗೆ ಮುಟ್ಟಿದಾಗ ಮಾತ್ರ ಕೆಲಸ ಮಾಡುತ್ತದೆ. ವೈರ್ ತುಂಡಾಗಿದ್ದರೆ ಗೊತ್ತೇ ಆಗುವುದಿಲ್ಲ, ಒತ್ತಿದಾಗಲೇ ಗೊತ್ತಾಗುವುದು.

ಫೀಡ್ ಹೋಲ್ಡ್ ಬಟನ್ ಕೂಡ ಇ-ಸ್ಟಾಪ್ ಅಲ್ಲ. ಅದು ಅಕ್ಷಗಳನ್ನು ನಿಧಾನಿಸಿ ನಿಲ್ಲಿಸುತ್ತದೆ, ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ. ಚೂರು ತೆಗೆಯಲು ಕೈ ಹಾಕುವ ಅಭ್ಯಾಸ ಇದ್ದರೆ ಇದನ್ನು ನೆನಪಿಡಿ.

ಸರಿಯಾದ ಇ-ಸ್ಟಾಪ್‌ನಲ್ಲಿ ಅಣಬೆ ತಲೆಯ ಕೆಂಪು ಗುಂಡಿ, ಹಿಂದೆ ಹಳದಿ ಹಿನ್ನೆಲೆ ಇರುತ್ತದೆ. ಒತ್ತಿದರೆ ಒಳಗೇ ಸಿಕ್ಕಿಕೊಂಡು ನಿಲ್ಲುತ್ತದೆ, ತಿರುಗಿಸಿದರೆ ಮಾತ್ರ ಮೇಲೇಳುತ್ತದೆ. ಅದರ ಎನ್‌ಸಿ ಕಾಂಟ್ಯಾಕ್ಟ್ ಬಳಸಬೇಕು, ಅಂದರೆ ಸುಮ್ಮನಿರುವಾಗ ಕೂಡಿಕೊಂಡಿದ್ದು ಒತ್ತಿದಾಗ ಬಿಡುವ ಜೋಡಿ. ಆಗ ವೈರ್ ತುಂಡಾದರೂ ಮಶೀನ್ ನಿಲ್ಲುತ್ತದೆ. ತೊಂದರೆ ಆ ಕಡೆಗೇ ಬೀಳಲಿ.

ಆ ಎನ್‌ಸಿ ಕಾಂಟ್ಯಾಕ್ಟನ್ನು ಒಂದು ಕಾಂಟ್ಯಾಕ್ಟರಿನ (ಹೆಚ್ಚು ಕರೆಂಟ್ ತಾಳುವ ದೊಡ್ಡ ರಿಲೇ) ಕಾಯಿಲ್ ದಾರಿಯಲ್ಲಿ ಹಾಕಿ. ಕಾಂಟ್ಯಾಕ್ಟರ್ ಮೂಲಕವೇ ಸ್ಪಿಂಡಲ್‌ಗೂ ಅಕ್ಷಗಳನ್ನು ಓಡಿಸುವ ಸ್ಟೆಪ್ಪರ್ ಡ್ರೈವರ್‌ಗಳಿಗೂ ಕರೆಂಟ್ ಹೋಗಲಿ. ಜೊತೆಗೆ ಒಂದು ಹಸಿರು ಸ್ಟಾರ್ಟ್ ಬಟನ್, ಅದಕ್ಕೆ ಪಕ್ಕದಲ್ಲೇ ಸಮಾನಾಂತರವಾಗಿ ಕಾಂಟ್ಯಾಕ್ಟರಿನದೇ ಒಂದು ಹೆಚ್ಚುವರಿ ಕಾಂಟ್ಯಾಕ್ಟ್. ಹಸಿರು ಒತ್ತಿದಾಗ ಕಾಂಟ್ಯಾಕ್ಟರ್ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಕೆಂಪು ಗುಂಡಿ ಒತ್ತಿದರೆ ಬಿಡುತ್ತದೆ. ಕೆಂಪನ್ನು ತಿರುಗಿಸಿ ಎಬ್ಬಿಸಿದ ಮಾತ್ರಕ್ಕೆ ಮತ್ತೆ ಶುರುವಾಗುವುದಿಲ್ಲ, ಹಸಿರು ಒತ್ತಲೇಬೇಕು. ಕರೆಂಟ್ ಹೋಗಿ ಬಂದಾಗಲೂ ಹಾಗೇ. ಕಂಟ್ರೋಲರ್ ಬೋರ್ಡಿಗೆ ಮಾತ್ರ ಬೇರೆ ಕರೆಂಟ್ ಇದ್ದರೆ ಪರವಾಗಿಲ್ಲ, ಅಲಾರಂ ಏನು ಬಂತು ಎಂದು ಓದಬಹುದು. ಇಲ್ಲಿ ಮೇನ್ಸ್ ಕರೆಂಟಿನ ಕೆಲಸ ಇದೆ. ಕೈ ಪಳಗಿರದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ವಿಎಫ್‌ಡಿ (ಕರೆಂಟಿನ ಹರ್ಟ್ಜ್ ಬದಲಿಸಿ ಮೋಟಾರಿನ ವೇಗ ಬದಲಿಸುವ ಪೆಟ್ಟಿಗೆ) ಇರುವ ಸ್ಪಿಂಡಲ್ ಆದರೆ ಎರಡು ಮಾತು ಜಾಸ್ತಿ. ಕಾಂಟ್ಯಾಕ್ಟರನ್ನು ವಿಎಫ್‌ಡಿ ಮತ್ತು ಮೋಟಾರಿನ ನಡುವೆ ಹಾಕಬೇಡಿ. ಓಡುವಾಗ ಅಲ್ಲಿ ಕತ್ತರಿಸಿದರೆ ವಿಎಫ್‌ಡಿಯ ಔಟ್‌ಪುಟ್ ಭಾಗವೇ ಸುಟ್ಟುಹೋಗಬಹುದು. ಹಾಕುವುದಾದರೆ ಒಳಬರುವ ಕಡೆಗೆ. ಆದರೆ ಅಲ್ಲಿ ಕತ್ತರಿಸಿದರೆ ಸ್ಪಿಂಡಲ್ ತನ್ನ ಪಾಡಿಗೆ ತಿರುಗುತ್ತಾ ನಿಧಾನವಾಗಿ ನಿಲ್ಲುತ್ತದೆ. 24,000 ಆರ್‌ಪಿಎಂನಿಂದ ಹಾಗೆ ನಿಲ್ಲುವುದಕ್ಕೆ ತುಂಬಾ ಹೊತ್ತು ಬೇಕು. ಅದಕ್ಕೇ ನಾನು ಗುಂಡಿಗೆ ಎರಡು ಎನ್‌ಸಿ ಬ್ಲಾಕ್ ಹಾಕಿದ್ದೇನೆ. ಒಂದು ವಿಎಫ್‌ಡಿಯ ರನ್ ಟರ್ಮಿನಲನ್ನು ತಕ್ಷಣ ಬಿಡಿಸುತ್ತದೆ, ವಿಎಫ್‌ಡಿ ಬ್ರೇಕ್ ಹಾಕಿ ನಿಲ್ಲಿಸಲು ಶುರುಮಾಡುತ್ತದೆ. ಇನ್ನೊಂದು ಟೈಮರ್ ರಿಲೇ ಮೂಲಕ 4 ಸೆಕೆಂಡ್ ಬಿಟ್ಟು ಕರೆಂಟನ್ನೇ ಕತ್ತರಿಸುತ್ತದೆ. ನಿಧಾನಿಸುವ ಸಮಯವನ್ನು ತೀರಾ ಕಡಿಮೆ ಇಟ್ಟರೆ ವಿಎಫ್‌ಡಿ ಓವರ್‌ವೋಲ್ಟೇಜ್ ಎಂದು ಕೈಬಿಟ್ಟು ಸ್ಪಿಂಡಲನ್ನು ಹಾಗೇ ತಿರುಗಲು ಬಿಡುತ್ತದೆ. ಅರ್ಧ ಅರ್ಧ ಸೆಕೆಂಡ್ ಕಡಿಮೆ ಮಾಡುತ್ತಾ ಬನ್ನಿ, ದೋಷ ತೋರಿಸಿದ ಕಡೆ ಸ್ವಲ್ಪ ಹಿಂದೆ ಬನ್ನಿ. ಇನ್ನೂ ಬೇಗ ಬೇಕೆಂದರೆ ಬ್ರೇಕ್ ರೆಸಿಸ್ಟರ್ ಬೇಕು.

ಮೇಲೆ ಕೆಳಗೆ ಓಡುವ ಝಡ್ ಅಕ್ಷದ ಮೇಲೂ ಕಣ್ಣಿಡಿ. ಸ್ಟೆಪ್ಪರ್ ಕರೆಂಟ್ ಹೋದಾಗ ಭಾರದ ಸ್ಪಿಂಡಲ್ ಬಾಲ್ ಸ್ಕ್ರೂ ಮೇಲೆ ಜಾರಿ ಕೆಳಗೆ ಬರಬಹುದು, ಒಂದು ಸುತ್ತಿಗೆ 8 ಮಿಲಿಮೀಟರ್ ಓಡುವ ಟಿ8 ಸ್ಕ್ರೂನಲ್ಲೂ ಜಾರಬಹುದು. ನಿಮ್ಮದು ಜಾರುತ್ತದಾ ಎಂದು ಕರೆಂಟ್ ಆರಿಸಿ ನೋಡಿ. ಜಾರಿದರೆ ಭಾರ ಎತ್ತಿ ಹಿಡಿಯುವ ಸ್ಪ್ರಿಂಗ್ ಹಾಕಿ.

ಪರೀಕ್ಷೆ ಮಾಡುವ ರೀತಿ ಹೀಗೆ. ಕಟರ್, ಅದನ್ನು ಹಿಡಿಯುವ ಕಾಲೆಟ್, ನಟ್ ಮೂರನ್ನೂ ತೆಗೆಯಿರಿ. ಅಕ್ಷಗಳು ಗಾಳಿಯಲ್ಲಿ ಓಡುತ್ತಿರಲಿ, ಸ್ಪಿಂಡಲ್ ಕಡಿಮೆ ವೇಗದಲ್ಲಿ ತಿರುಗಲಿ. ಈಗ ಗುಂಡಿ ಒತ್ತಿ, ಎಷ್ಟು ಸೆಕೆಂಡಿಗೆ ನಿಂತಿತು ಎಂದು ಅಳೆಯಿರಿ. ಆಮೇಲೆ ಪೂರ್ತಿ ವೇಗದಲ್ಲಿ. ಆಮೇಲೆ ಯುಎಸ್‌ಬಿ ಕೇಬಲ್ ಕಿತ್ತು, ಒತ್ತಿ. ನಮ್ಮಲ್ಲಿ ಗುಂಡಿ ಒತ್ತುವ ಕೆಲಸ ಮಗಳದ್ದು. ನನಗೆ ಹೇಳದೆ ಒತ್ತುತ್ತಾಳೆ, ಆಗಲೇ ಅದು ನಿಜವಾದ ಪರೀಕ್ಷೆ. ತಿಂಗಳಿಗೊಮ್ಮೆ ಗುಂಡಿಯ ಡಬ್ಬಿ ತೆರೆದು ಕಾಂಟ್ಯಾಕ್ಟ್ ಬ್ಲಾಕ್ ಅಲುಗಾಡಿಸಿಯೂ ನೋಡುತ್ತೇನೆ. ಕೆಲವು ಗುಂಡಿಗಳಲ್ಲಿ ಆ ಬ್ಲಾಕ್ ತಲೆಯಿಂದ ಕಳಚಿ ಬಿದ್ದಿರುತ್ತದೆ. ಹೊರಗೆ ಗುಂಡಿ ಚೆನ್ನಾಗಿ ಒತ್ತಿಕೊಳ್ಳುತ್ತದೆ, ಒಳಗೆ ಎನ್‌ಸಿ ಕಾಂಟ್ಯಾಕ್ಟ್ ಕೂಡಿಕೊಂಡೇ ಇರುತ್ತದೆ. ಎನ್‌ಸಿ ವೈರಿಂಗ್ ಕಾಪಾಡಲಾರದ ದೋಷ ಇದು.

ಈಗ ವೇಗ

ಸ್ಪಿಂಡಲ್‌ಗೆ ವೇಗ ತಲುಪುವುದು ಒಂದು ಸರಪಳಿಯಲ್ಲಿ. ಕೋಡ್‌ನಲ್ಲಿ ವೇಗ ಹೇಳುವ ಎಸ್ ಸಂಖ್ಯೆ, ಜಿಆರ್‌ಬಿಎಲ್‌ನ ಲೆಕ್ಕ, ಪಿನ್‌ನಲ್ಲಿ ಪಿಡಬ್ಲ್ಯೂಎಂ (ಬೇಗ ಬೇಗ ಆನ್-ಆಫ್ ಆಗುವ ಸಿಗ್ನಲ್), ಅದನ್ನು 0–10 ವೋಲ್ಟ್ ಮಾಡುವ ಮಾಡ್ಯೂಲ್, ವಿಎಫ್‌ಡಿ, ಮೋಟಾರ್. ಎಲ್ಲವನ್ನೂ ಒಟ್ಟಿಗೆ ಅನುಮಾನಿಸಬೇಡಿ. ಒಂದು ಮಲ್ಟಿಮೀಟರ್ ಹಿಡಿದು ನಡುವಿನಿಂದ ಶುರುಮಾಡಿ. ಮಾಡ್ಯೂಲಿನ ಔಟ್‌ಪುಟ್ ಸರಿ ಇದ್ದರೆ ತೊಂದರೆ ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಅಳೆಯುವ ಮೊದಲು ಕನ್ಸೋಲ್‌ನಲ್ಲಿ $$ ಒತ್ತಿ ಮೂರು ಸಾಲು ಓದಿ. $30 ಅಂದರೆ ಅತಿ ಹೆಚ್ಚು ವೇಗ, $31 ಅತಿ ಕಡಿಮೆ, $32 ಲೇಸರ್ ಮೋಡ್. ಜಿಆರ್‌ಬಿಎಲ್ 1.1ರಲ್ಲಿ $30 ಮೊದಲಿಗೆ 1000 ಇರುತ್ತದೆ. ನಿಮ್ಮ ಸ್ಪಿಂಡಲ್ 24,000ದ್ದು, ನೀವು ಎಸ್6000 ಕೊಟ್ಟಿರಿ. 1000ಕ್ಕಿಂತ ಹೆಚ್ಚಾದ್ದೆಲ್ಲ ಅದಕ್ಕೆ ಪೂರ್ತಿ ವೇಗವೇ. ‘ಏನು ಕೊಟ್ಟರೂ ಪೂರ್ತಿ ವೇಗ’ ಎಂಬ ದೂರಿಗೆ ನಾನು ಮೊದಲು ನೋಡುವುದು ಇದನ್ನೇ. $30=24000 ಮಾಡಿ. ಸಣ್ಣ ಡಿಸಿ ಮೋಟಾರ್ ಇರುವ ಮಶೀನಿನಲ್ಲಿ ಸಂಖ್ಯೆ ಸರಿಯಿದ್ದೂ ಪೂರ್ತಿ ವೇಗವೇ ಬಂದರೆ ಮಾಸ್ಫೆಟ್ (ಮೋಟಾರಿನ ಕರೆಂಟ್ ಆನ್-ಆಫ್ ಮಾಡುವ ಬಿಡಿಭಾಗ) ಶಾರ್ಟ್ ಆಗಿದೆಯಾ ನೋಡಿ. ಅದು ಕೆಟ್ಟರೆ ಸಾಮಾನ್ಯವಾಗಿ ಕೂಡಿಕೊಂಡೇ ಉಳಿಯುತ್ತದೆ, ಎಂ5 ಕೊಟ್ಟರೂ ಮೋಟಾರ್ ನಿಲ್ಲದು.

$32 ವಿಷಯದಲ್ಲಿ ನಾನೇ ಎರಡು ದಿನ ಒದ್ದಾಡಿದ್ದೇನೆ. ಲೇಸರ್ ಹಚ್ಚಿ ಕೆಲಸ ಮಾಡಿ, ವಾಪಸ್ ಸ್ಪಿಂಡಲ್ ಹಾಕಿದ್ದೆ. ಕಟರ್ ಮೇಲೆದ್ದಾಗಲೆಲ್ಲ ಸ್ಪಿಂಡಲ್ ಸೊರಗುತ್ತಿತ್ತು, ಮತ್ತೆ ಮರಕ್ಕೆ ಇಳಿಯುವಾಗ ವೇಗ ಹಿಡಿಯಲು ಹೆಣಗುತ್ತಿತ್ತು. ಎರಡು ಕಟರ್ ಮುರಿದವು. ಲೇಸರ್ ಮೋಡ್‌ನಲ್ಲಿ ಜಿ0 ಚಲನೆ (ಕತ್ತರಿಸದೆ ಬೇಗ ಸರಿಯುವುದು) ಬಂದಾಗ ಜಿಆರ್‌ಬಿಎಲ್ ಬೆಳಕನ್ನು ಆರಿಸುತ್ತದೆ, ಅದು ಲೇಸರ್‌ಗೆ ಬೇಕಾದದ್ದೇ. ಸ್ಪಿಂಡಲ್‌ಗೆ ಅಲ್ಲ. $32=0 ಕೊಟ್ಟೆ, ಸರಿಯಾಯಿತು.

ಸ್ಪಿಂಡಲ್ ಅಲುಗಾಡುವುದೇ ಇಲ್ಲವಾ? ಬರೀ ಎಂ3 (ಸ್ಪಿಂಡಲ್ ಶುರುಮಾಡುವ ಆಜ್ಞೆ) ಕೊಟ್ಟಿದ್ದೀರಾ ನೋಡಿ. ಎಸ್ ಇಲ್ಲದಿದ್ದರೆ ವೇಗ ಸೊನ್ನೆ. ಎಂ3 ಎಸ್12000 ಎಂದು ಪೂರ್ತಿ ಕೊಡಿ. ಆಮೇಲೆ ಪಿನ್ ನೋಡಿ. ಜಿಆರ್‌ಬಿಎಲ್ 1.1ರಲ್ಲಿ ಉನೊ ಬೋರ್ಡಿನ ವೇಗದ ಪಿನ್ ಡಿ11, ಝಡ್ ಲಿಮಿಟ್ ಸ್ವಿಚ್ (ಅಕ್ಷದ ತುದಿ ತಿಳಿಸುವ ಎಂಡ್‌ಸ್ಟಾಪ್) ಡಿ12. ಹಳೆಯ ಆವೃತ್ತಿಯಲ್ಲಿ ಇವೆರಡೂ ಅದಲು ಬದಲಾಗಿದ್ದವು, ಶೀಲ್ಡ್ ಮೇಲಿನ ಅಕ್ಷರಗಳು ಆ ಕಾಲದವೇ. ಅಂದರೆ ಝಡ್ ಎಂಡ್‌ಸ್ಟಾಪ್ ಎಂದು ಬರೆದ ಕಡೆ ವೇಗದ ಸಿಗ್ನಲ್ ಸಿಗುತ್ತದೆ, ಸ್ಪಿಂಡಲ್ ಎಂದು ಬರೆದ ಕಡೆ ಝಡ್ ಲಿಮಿಟ್. ಬರಹ ನಂಬಬೇಡಿ, ಮೀಟರ್ ನಂಬಿ.

ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಡಿ11 ಮತ್ತು ಗ್ರೌಂಡ್ ನಡುವೆ ಹಿಡಿಯಿರಿ. $30=24000, $31=0 ಇದ್ದಾಗ ಎಸ್12000ಕ್ಕೆ ಸುಮಾರು 2.5 ವೋಲ್ಟ್, ಎಸ್24000ಕ್ಕೆ ಸುಮಾರು 5 ವೋಲ್ಟ್ ಬರಬೇಕು. ಬಂದರೆ ಕಂಟ್ರೋಲರ್ ಸರಿ. ಮುಂದಿನದು ಮಾಡ್ಯೂಲ್. ಅದಕ್ಕೆ ತನ್ನದೇ 12 ಅಥವಾ 24 ವೋಲ್ಟ್ ಬೇಕು, ಇನ್‌ಪುಟ್ 5 ವೋಲ್ಟಾ 24 ವೋಲ್ಟಾ ಎಂದು ಆರಿಸುವ ಜಂಪರ್ ಇರುತ್ತದೆ. ಜಂಪರ್ 24ರಲ್ಲಿದ್ದರೆ ಉನೊದ 5 ವೋಲ್ಟ್ ಅದಕ್ಕೆ ಸಾಲದು. ಸಣ್ಣ ತಿರುಪು ತಿರುಗಿಸಿ ಹೊಂದಿಸುವಾಗ ಪೂರ್ತಿ ವೇಗದಲ್ಲಿ ಹೊಂದಿಸಬೇಡಿ. ಎಸ್12000 ಕೊಟ್ಟು 5.0 ವೋಲ್ಟ್ ಬರುವಂತೆ ಮಾಡಿ, ಆಮೇಲೆ ಎರಡೂ ತುದಿ ನೋಡಿ. ವಿಎಫ್‌ಡಿ ಜೋಡಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ. ವೋಲ್ಟೇಜ್ ಕುಸಿದರೆ ಮಾಡ್ಯೂಲ್ ದುರ್ಬಲ ಅಥವಾ ವೈರ್ ಸಡಿಲ.

ವಿಎಫ್‌ಡಿ ಒಳಗೆ ಕೈ ಹಾಕುವ ಮೊದಲು ಕರೆಂಟ್ ಆರಿಸಿ 10 ನಿಮಿಷ ಕಾಯಿರಿ. 230 ವೋಲ್ಟ್ ಮಾದರಿಯಲ್ಲಿ ಕೆಪಾಸಿಟರ್‌ಗಳು ಸುಮಾರು 325 ವೋಲ್ಟ್ ಹಿಡಿದಿರುತ್ತವೆ. ಡಿಸ್‌ಪ್ಲೇ ಆರಿತು ಎಂದು ಮುಟ್ಟಬೇಡಿ.

ಇಲ್ಲಿ ಸಿಗುವ ದೋಷಗಳು ಹೆಚ್ಚಾಗಿ ಸೆಟ್ಟಿಂಗ್‌ನವು. ಹುವಾನ್‌ಯಾಂಗ್ ಮಾದರಿಯಲ್ಲಿ ಪಿಡಿ001 ಮತ್ತು ಪಿಡಿ002 ಎರಡೂ 1 ಇರಬೇಕು. ಮೊದಲನೆಯದು ಓಡು-ನಿಲ್ಲು ಆಜ್ಞೆ ಎಲ್ಲಿಂದ, ಎರಡನೆಯದು ವೇಗ ಎಲ್ಲಿಂದ ಎಂದು ಹೇಳುತ್ತದೆ. ಒಂದನ್ನು ಮಾತ್ರ ಬದಲಿಸಿದವರಿಗೆ ಸ್ಪಿಂಡಲ್ ಶುರುವಾಗುತ್ತದೆ, ವೇಗ ಬದಲಾಗುವುದಿಲ್ಲ. ಎರಡು ಪೋಲಿನ ಮೋಟಾರಿನಲ್ಲಿ ಹರ್ಟ್ಜ್ ಅನ್ನು 60ರಿಂದ ಗುಣಿಸಿದರೆ ಆರ್‌ಪಿಎಂ, ಹಾಗಾಗಿ 400 ಹರ್ಟ್ಜ್ ಅಂದರೆ 24,000. ಅತಿ ಹೆಚ್ಚು ಹರ್ಟ್ಜ್ ಹೇಳುವ ಪಿಡಿ005 400 ಇದ್ದೂ, 10 ವೋಲ್ಟ್‌ಗೆ ಎಷ್ಟು ಹರ್ಟ್ಜ್ ಎಂದು ಹೇಳುವ ಪಿಡಿ072 50ರಲ್ಲೇ ಉಳಿದಿದ್ದರೆ 10 ವೋಲ್ಟ್ ಕೊಟ್ಟರೂ 3000 ದಾಟದು. ಆದರೆ ಮೋಟಾರಿನ ಬೇಸ್ ಫ್ರೀಕ್ವೆನ್ಸಿಯನ್ನು (ಪೂರ್ತಿ ವೋಲ್ಟೇಜ್ ತಲುಪುವ ಹರ್ಟ್ಜ್) ಅಂದಾಜಿನಿಂದ ಬದಲಿಸಬೇಡಿ. 400 ಹರ್ಟ್ಜ್‌ನ ಸ್ಪಿಂಡಲ್‌ಗೆ 50 ಹರ್ಟ್ಜ್‌ನಲ್ಲೇ ಪೂರ್ತಿ ವೋಲ್ಟೇಜ್ ಹೋದರೆ ಅದು ಸುಟ್ಟುಹೋಗುತ್ತದೆ. ಮೋಟಾರಿನ ಮೈಮೇಲಿನ ತಗಡನ್ನು ಓದಿ, ಅದರಂತೆ ಹಾಕಿ.

ವೇಗ ತಾನಾಗಿ ಏರಿಳಿಯುವುದು, ಸ್ಪಿಂಡಲ್ ಶುರುವಾದ ಕೂಡಲೇ ಯುಎಸ್‌ಬಿ ಕಡಿದುಹೋಗುವುದು, ಸುಳ್ಳು ಲಿಮಿಟ್ ಅಲಾರಂ ಬರುವುದು, ಇವೆಲ್ಲ ಒಂದೇ ಮನೆಯ ಮಕ್ಕಳು. ವಿಎಫ್‌ಡಿಯ ಗದ್ದಲ ಸಿಗ್ನಲ್ ವೈರ್‌ಗೆ ಹತ್ತಿದೆ. ಮೋಟಾರಿಗೆ ಶೀಲ್ಡ್ ಇರುವ ಕೇಬಲ್ ಹಾಕಿ. 0–10 ವೋಲ್ಟ್ ವೈರ್ ಅದರಿಂದ ಒಂದು ಗೇಣು ದೂರ ಇರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಸ್ಪಿಂಡಲ್‌ನ ನಾಲ್ಕನೇ ಪಿನ್ ಮೈಗೆ ಸೇರಿದೆಯಾ ಎಂದು ಮೀಟರ್‌ನಲ್ಲಿ ನೋಡಿ. ಎಷ್ಟೋ ಸ್ಪಿಂಡಲ್‌ಗಳಲ್ಲಿ ಅದು ಒಳಗೆ ಎಲ್ಲಿಗೂ ಸೇರಿರುವುದಿಲ್ಲ, ಅರ್ಥ್ ಇದೆ ಎಂದುಕೊಂಡಿರುತ್ತೀರಿ. ಇದು ಗದ್ದಲದ ಮಾತಷ್ಟೇ ಅಲ್ಲ, ಶಾಕ್‌ನ ಮಾತು.

ಕಂಟ್ರೋಲರ್ ಆನ್ ಮಾಡಿದ ಕ್ಷಣದಲ್ಲಿ ಸ್ಪಿಂಡಲ್ ಒಮ್ಮೆ ಜರ್ಕ್ ಹೊಡೆದರೆ ಬೋರ್ಡ್ ಏಳುವಾಗ ಪಿನ್ ತೇಲುತ್ತಿದೆ ಎಂದರ್ಥ. ಡಿ11ರಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ನನಗೆ ಅಷ್ಟರಲ್ಲೇ ನಿಂತಿತು.

ಕೊನೆಗೆ ಸ್ಪಿಂಡಲ್‌ಗೆ ಪ್ರತಿಫಲಿಸುವ ಪಟ್ಟಿ ಅಂಟಿಸಿ ಟ್ಯಾಕೋಮೀಟರ್‌ನಲ್ಲಿ 8000, 12000, 18000, 24000 ಅಳೆದು ಬರೆದಿಡಿ. ಕೊಟ್ಟದ್ದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ, ಇಂಡಕ್ಷನ್ ಮೋಟಾರ್ ಯಾವಾಗಲೂ ಒಂಚೂರು ಹಿಂದೆ ಬೀಳುತ್ತದೆ. ಪೂರ್ತಿ ವೇಗಕ್ಕೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂಬುದನ್ನೂ ಬರೆಯಿರಿ. ನನ್ನದಕ್ಕೆ 6. ಹಾಗಾಗಿ ಪ್ರತಿ ಎಂ3 ಸಾಲಿನ ಕೆಳಗೆ ಕಾಯಲು ಹೇಳುವ ಜಿ4 ಪಿ7 ಹಾಕುತ್ತೇನೆ, ಜಿಆರ್‌ಬಿಎಲ್‌ನಲ್ಲಿ ಪಿ ಅಂದರೆ ಸೆಕೆಂಡ್. ಈ ಚೀಟಿ, ಅದರ ಪಕ್ಕದಲ್ಲಿ ಮಗಳು ಕೊನೆಯ ಸಲ ಗುಂಡಿ ಒತ್ತಿದ ತಾರೀಖು, ಎರಡೂ ಕಂಟ್ರೋಲ್ ಡಬ್ಬಿಯ ಬಾಗಿಲಿಗೆ ಅಂಟಿಕೊಂಡಿವೆ.