ಹುರುಳಿಕಾಯಿ ಎಲೆಯ ಕಂದು ಚುಕ್ಕೆಗೆ ನಾನು ಗೊಬ್ಬರ ಹಾಕಲಿಲ್ಲ

ನಮ್ಮ ಹೊಲ ಇರೋದು ಹೊಸೂರು ಪಕ್ಕದ ತಳಿ ಅನ್ನೋ ಊರಿನ ಕಡೆ. ಮಾರ್ಚ್ ಬಿಸಿಲಿಗೆ ಹುರುಳಿಕಾಯಿ ಗಿಡದ ಹಳೇ ಎಲೆಗಳಲ್ಲಿ ಸಣ್ಣ ಕಂದು ಚುಕ್ಕೆ ಎದ್ದವು. ಗೊಬ್ಬರದಂಗಡಿಯಲ್ಲಿ ಮೆಗ್ನೀಷಿಯಂ ಕೊರತೆ, ಸ್ಪ್ರೇ ಹೊಡೀರಿ ಅಂದರು. ನನಗೆ ಗಾಳಿಯಲ್ಲಿರೋ ಓಜೋನ್ ಅನ್ನೋ ಮಾಲಿನ್ಯದ ಅನಿಲದ ಮೇಲೆ ಅನುಮಾನ, ಅದಕ್ಕೆ ಮೊದಲು ಎಲೆ ಕಿತ್ತು ನೋಡಿದೆ.

ಚುಕ್ಕೆ ಮೇಲ್ಗಡೆ ಮಾತ್ರ, ಅದೂ ನರಗಳ ನಡುವೆ. ಹಿಂಬದಿಗೆ ಭೂತಗನ್ನಡಿ ಹಿಡಿದರೆ ನುಸಿ ಇಲ್ಲ. ಉಜ್ಜಿದರೆ ತುಕ್ಕುರೋಗದ ಪುಡಿ ಬೆರಳಿಗೆ ಅಂಟಲಿಲ್ಲ. ಒಂದು ಎಲೆ ಇನ್ನೊಂದರ ಮೇಲೆ ಮಲಗಿದ್ದ ಕಡೆ, ನೆರಳು ಬಿದ್ದಷ್ಟು ಜಾಗ ಚೊಕ್ಕವಾಗಿತ್ತು. ಅದನ್ನು ನೋಡಿದ ಮೇಲೆ ಇದು ಓಜೋನ್ ಪೆಟ್ಟೇ ಅನ್ನೋದು ಗಟ್ಟಿಯಾಯ್ತು.

ಓಜೋನನ್ನು ಯಾವ ಚಿಮಣಿಯೂ ನೇರ ಬಿಡಲ್ಲ. ವಾಹನ, ಕಾರ್ಖಾನೆಯ ಹೊಗೆ ಬಿಸಿಲಲ್ಲಿ ಬೆಂದು ಆಗುವಂಥದ್ದು. ಮಧ್ಯಾಹ್ನ ಜಾಸ್ತಿ. ಪೇಟೆಯೊಳಗಿನ ಹೊಗೆಯೇ ಅದನ್ನು ಒಂದಷ್ಟು ತಿಂದುಹಾಕುತ್ತೆ, ಹಾಗಾಗಿ ಎಷ್ಟೋ ಸಲ ಊರಾಚೆಯ ಹೊಲಕ್ಕೇ ಹೆಚ್ಚು ಪಾಲು. ನಮ್ಮ ದೇಶದಲ್ಲಿ ಓಜೋನಿಗೆ 8 ತಾಸಿನ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದರೆ ಸುಮಾರು 50 ಪಿಪಿಬಿ (ನೂರು ಕೋಟಿ ಪಾಲು ಗಾಳಿಯಲ್ಲಿ 50 ಪಾಲು). ಬೆಳೆ ವಿಜ್ಞಾನಿಗಳು 40 ಪಿಪಿಬಿ ದಾಟಿದಾಗಿಂದಲೇ ಬೆಳೆಗೆ ಬೀಳೋ ಪೆಟ್ಟಿನ ಲೆಕ್ಕ ಹಿಡೀತಾರೆ. ಮಿತಿಯೊಳಗಿದ್ದರೂ ಗಿಡಕ್ಕೆ ಪೆಟ್ಟು ಬೀಳಬಹುದು ಅಂತಾಯ್ತು ಅಲ್ವಾ!

ನನ್ನ ಚಿಂತೆ ಎಲೆಗಿಂತ ಬೇರಿನದು. ಎಲೆ ಸೊರಗಿದರೆ ಬೇರಿಗೆ ಇಳಿಯುವ ಸಕ್ಕರೆ ಕಡಿಮೆ. ಆ ಸಕ್ಕರೆ ನಂಬಿಕೊಂಡೇ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯೋದು. ಚುಕ್ಕೆ ಜಾಸ್ತಿ ಇದ್ದ ಗಿಡ, ಇಲ್ಲದ ಗಿಡ ಎರಡನ್ನೂ ಹೂ ಬಿಡುವಾಗ ಸನಿಕೆ ಹಾಕಿ ಮಣ್ಣಿನ ಸಮೇತ ಎತ್ತಿದೆ. ಬಕೆಟ್ ನೀರಲ್ಲಿ ಅದ್ದಿ ತೊಳೆದೆ. ಒಳ್ಳೆ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತೆ, ತಿಕ್ಕಿದರೆ ಉದುರುತ್ತೆ. ಬೇರು ತಾನೇ ಊದಿದ್ದರೆ ಅದು ಜಂತುಹುಳುವಿನ ಕಾಟ, ಅದರ ಕಥೆಯೇ ಬೇರೆ. ಉಗುರಲ್ಲಿ ಸೀಳಿದಾಗ ಚೆನ್ನಾಗಿದ್ದ ಗಿಡದ ಗಂಟು ಒಳಗೆ ಗುಲಾಬಿ, ಅಂದರೆ ಸಾರಜನಕ ಹಿಡಿಯೋ ಕೆಲಸ ನಡೀತಿದೆ. ಚುಕ್ಕೆ ಗಿಡದಲ್ಲಿ ಗಂಟೇ ಕಡಿಮೆ, ಇದ್ದವೂ ಸಣ್ಣವು, ಕೆಲವು ಮಾಸಲು ಹಸಿರು.

ಹೀಗಿರುವಾಗ ಮೇಲಿಂದ ಯೂರಿಯಾ ಸುರಿದು ಏನು ಲಾಭ? ಗಿಡ ಹೀರದ್ದು ಮಳೆಗೆ ಕೆಳಗಿಳಿದು ಹೋಗುತ್ತೆ. ಜೊತೆಗೆ ಸಾರಜನಕ ಸಲೀಸಾಗಿ ಸಿಕ್ಕರೆ ಹುರುಳಿಕಾಯಿ ಗಿಡ ಗಂಟು ಕಟ್ಟೋದನ್ನೂ ಕಡಿಮೆ ಮಾಡುತ್ತೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಏನು ಕಡಿಮೆ ಇತ್ತೋ ಅಷ್ಟನ್ನೇ ಕೊಟ್ಟೆ. ನೀರು ಕೊಡೋದು ಕಡಿಮೆ ಮಾಡಿದರೆ ಎಲೆಯ ರಂಧ್ರ ಮುಚ್ಚಿ ಓಜೋನ್ ಒಳಗೆ ಹೋಗೋದು ತಗ್ಗುತ್ತೆ, ನಿಜ. ಆದರೆ ಹೂವಿನ ಹೊತ್ತಲ್ಲಿ ಬಾಯಾರಿದ ಗಿಡ ಕಾಯೇ ಬಿಡಲ್ಲ, ಆ ಸಾಹಸ ನಾನು ಮಾಡಲಿಲ್ಲ.

ಈಗ ಒಂದೇ ಪಾತಿಯಲ್ಲಿ ಎರಡು ತಳಿ ಅಕ್ಕಪಕ್ಕ ಹಾಕಿ ಯಾವುದಕ್ಕೆ ಚುಕ್ಕೆ ಕಡಿಮೆ ಅಂತ ನೋಡಿ ಬೀಜ ಇಟ್ಟುಕೊಳ್ತೀನಿ. ಬೇಸಿಗೆಯಲ್ಲಿ ಹುರುಳಿಕಾಯಿ ಜಾಗ ಕಡಿಮೆ ಮಾಡಿ ಮುಂಗಾರಿಗೆ ಜಾಸ್ತಿ ಬಿತ್ತುತ್ತೀನಿ. ಮೋಡ, ಮಳೆ ಇದ್ದಾಗ ಓಜೋನ್ ಅಷ್ಟು ಏಳಲ್ಲ. ಆಗ ರೇಟು ಬೀಳುತ್ತೆ, ಅದು ನಿಜವೇ.