ಡೆಡ್ ಸೆಲ್ಸ್‌ನಲ್ಲಿ ಏಟು ಬಿದ್ದರೆ ಹಿಂದಕ್ಕೆ ಓಡಬೇಡಿ
ಡೆಡ್ ಸೆಲ್ಸ್ ಎಂಬ ವಿಡಿಯೋ ಗೇಮ್ ಆಡುವ ಚಿಕ್ಕಮಗಳೂರಿನ ಗೆಳೆಯರೇ, ಏಟು ಬಿದ್ದ ತಕ್ಷಣ ಶತ್ರುವಿನ ಕಡೆಗೇ ಉರುಳಿ, ಅವನನ್ನು ದಾಟಿ ಬೆನ್ನ ಹಿಂದೆ ಎದ್ದು ಎರಡು ಮೂರು ಏಟು ಬಿಗಿಯಿರಿ. ಎಷ್ಟು ಜೀವ ಉಳಿದಿದೆ ಎಂದು ತೋರಿಸುವ ಹೆಲ್ತ್ ಬಾರ್ ಗಮನಿಸಿ: ಕಳೆದುಕೊಂಡ ಜೀವದ ಒಂದು ಭಾಗ ಕಿತ್ತಳೆ ಬಣ್ಣದಲ್ಲಿ ಉಳಿದು ಬೇಗ ಬೇಗ ಕರಗುತ್ತಿರುತ್ತದೆ. ಅದು ಪೂರ್ತಿ ಕರಗುವುದರೊಳಗೆ ನೀವು ಕೊಡುವ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಹೆದರಿ ದೂರ ಓಡಿದರೆ ಅದು ಹೋದ ಹಾಗೇ ಅಲ್ವಾ? ಈ ಆಟ ಇಷ್ಟು ಹಿಡಿಸುವುದೂ ಇದಕ್ಕೇ, ಧೈರ್ಯ ಮಾಡಿದವರ ಕೈ ಬಿಡುವುದಿಲ್ಲ. ಗುರಾಣಿ ಹಿಡಿದವನಿಗೆ ಮುಂದಿನಿಂದ ಹೊಡೆದರೆ ಸುಮ್ನೆ ವೇಸ್ಟ್, ಹಿಂದಿನಿಂದಲೇ ಹೊಡೆಯಬೇಕು. ಕೈಯಲ್ಲಿ ನಿಧಾನಕ್ಕೆ ಬೀಸುವ ಭಾರದ ಕತ್ತಿ ಇದ್ದರೆ, ಅಥವಾ ಸುತ್ತ ನಾಲ್ಕೈದು ಜನ ಮುತ್ತಿಕೊಂಡಿದ್ದರೆ ಈ ಉಪಾಯ ನಡೆಯುವುದು ಕಷ್ಟ. ಶಾಪದ ಪೆಟ್ಟಿಗೆ ತೆರೆದಿದ್ದರಂತೂ ಇದನ್ನು ಮರೆತೇಬಿಡಿ. ಅದನ್ನು ತೆರೆದ ಮೇಲೆ 10 ಶತ್ರುಗಳನ್ನು ಕೊಲ್ಲುವ ತನಕ ಒಂದೇ ಏಟಿಗೆ ಪ್ರಾಣ ಹೋಗುತ್ತದೆ, ಮತ್ತೆ ಆಟದ ಮೊದಲ ಜಾಗವಾದ ಸೆರೆಮನೆಯಿಂದಲೇ ಶುರು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಫೋನಿನಲ್ಲಿ ಆಡುವವರು ಸೆಟ್ಟಿಂಗ್ಸ್‌ಗೆ ಹೋಗಿ ಉರುಳುವ ಬಟನ್ ದೊಡ್ಡದು ಮಾಡಿಕೊಳ್ಳಿ, ಹೆಬ್ಬೆರಳು ತಪ್ಪುವುದಿಲ್ಲ.