ಗಾಜಿನ ವಕ್ರೀಭವನ ಸೂಚ್ಯಂಕ: ಗೆರೆ ಹಿಂದಕ್ಕೆ ತಿರುಗುವ ಜಾಗ ಹಿಡಿಯಿರಿ

ಲೆನ್ಸ್ ಉಜ್ಜುವ ಮುಂಚೆ ಗಾಜಿನ ಸೂಚ್ಯಂಕವನ್ನು (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ಸಂಖ್ಯೆ, n) ನಾನೇ ಅಳೆಯುತ್ತೇನೆ. ಬೇಕಾಗುವುದು ಅದೇ ಗಾಜಿನ ಒಂದು ಪ್ರಿಸಂ, ಸ್ಪೆಕ್ಟ್ರೋಮೀಟರ್ (ಬೆಳಕು ತಿರುಗುವ ಕೋನ ಅಳೆಯುವ ಉಪಕರಣ), ಸೋಡಿಯಂ ದೀಪ. ದೀಪ ಹಚ್ಚಿ ಕೆಲವು ನಿಮಿಷ ಬಿಡಿ, ಪೂರ್ತಿ ಹಳದಿಯಾಗಲಿ.

ಮೊದಲು ಪ್ರಿಸಂನ ಕೋನ A ಅಳೆಯಿರಿ, ಅಂದರೆ ಬೆಳಕು ಒಳಹೋಗುವ ಮತ್ತು ಹೊರಬರುವ ಮುಖಗಳ ನಡುವಿನ ಕೋನ. ಸಾಮಾನ್ಯವಾಗಿ 60 ಡಿಗ್ರಿ ಇರುತ್ತದೆ, ಆದರೂ ಸುಮ್ನೆ ನಂಬಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಟೆಲಿಸ್ಕೋಪಿನಲ್ಲಿ ಹಳದಿ ಗೆರೆ ನೋಡುತ್ತಾ ಪ್ರಿಸಂ ಮೇಜನ್ನು ನಿಧಾನಕ್ಕೆ ತಿರುಗಿಸಿ. ಗೆರೆ ಒಂದೇ ಕಡೆ ಜರುಗುತ್ತಾ ಹೋಗಿ, ಒಂದು ಕಡೆ ನಿಂತು, ವಾಪಸ್ ಬರುತ್ತದೆ. ಮೇಜು ಅದೇ ದಿಕ್ಕಿಗೆ ತಿರುಗುತ್ತಿದ್ದರೂ! ನಿಂತ ಜಾಗವೇ ಕನಿಷ್ಠ ವಿಚಲನೆ, ಅಂದರೆ ಬೆಳಕು ಅತಿ ಕಡಿಮೆ ತಿರುಗುವ ಸ್ಥಿತಿ. ಅಲ್ಲಿ ಅಡ್ಡಗೂದಲನ್ನು (ಟೆಲಿಸ್ಕೋಪಿನೊಳಗಿನ ಗುರುತುಗೆರೆ) ಗೆರೆಗೆ ಕೂರಿಸಿ, ಎರಡೂ ವರ್ನಿಯರ್ (ಕೋನದ ಸೂಕ್ಷ್ಮ ಅಳತೆಪಟ್ಟಿ) ಓದಿ. ಪ್ರಿಸಂ ತೆಗೆದು ನೇರ ಬೆಳಕನ್ನೂ ಓದಿ. ಎರಡರ ವ್ಯತ್ಯಾಸವೇ D.

ಸೂತ್ರ ಹೀಗಿದೆ: n = ಸೈನ್((A+D)/2) ÷ ಸೈನ್(A/2). 60 ಡಿಗ್ರಿ ಪ್ರಿಸಂನಲ್ಲಿ D ಸುಮಾರು 38.6 ಬಂದರೆ n ಸುಮಾರು 1.516. ಅಂದರೆ ಬಿಕೆ7 ಎಂಬ ಸಾಮಾನ್ಯ ಲೆನ್ಸ್ ಗಾಜು ಇರಬಹುದು. D ಓದುವಾಗ ಡಿಗ್ರಿಯ 60ರಲ್ಲಿ ಒಂದು ಭಾಗ ತಪ್ಪಿದರೂ n ಸುಮಾರು 0.0002 ಕದಲುತ್ತದೆ. ಅದಕ್ಕೇ ನಾನು ಮೂರು ಸಲ ಓದುತ್ತೇನೆ.

ಬಳಸುವುದು ಸುಲಭ. ಒಂದು ಬದಿ ಚಪ್ಪಟೆ ಇರುವ ತೆಳು ಲೆನ್ಸಿಗೆ ಸಂಗಮ ದೂರ f = R/(n−1); R ಅಂದರೆ ಬಾಗಿದ ಬದಿಯ ವಕ್ರತಾ ತ್ರಿಜ್ಯ. 100 ಮಿ.ಮೀ. ಬೇಕು, n 1.5168 ಇದೆ ಅಂದರೆ R 51.68 ಮಿ.ಮೀ. ಇಡಿ. ನೀಲಿ ಬೆಳಕಿಗೆ n ಸ್ವಲ್ಪ ಜಾಸ್ತಿ, ಹಾಗಾಗಿ ಅದು ಲೆನ್ಸಿಗೆ ಇನ್ನೂ ಹತ್ತಿರ ಸೇರುತ್ತದೆ.